ಕೊಕ್ಕೆಸೂಜಿಯ ಕಲೆ

ಅನ್ನ, ಅರಿವೆ, ಆಸರೆ ಇವು ಮೂರು ಮನುಷ್ಯನ ಮೂಲ ಅಗತ್ಯಗಳೆಂದು ನಾವು ಓದುತ್ತೇವೆ. ಇವುಗಳಲ್ಲಿ ಅರಿವೆಯದು ಒಂದು ವಿಶೇಷ. ಹಸಿವು ಹಿಂಗಿದರೆ ಊಟ ಮುಗಿಯಿತು. ಆದರೆ ಮೈ ಮುಚ್ಚಿದ ಮಾತ್ರಕ್ಕೆ ಅರಿವೆಯ ಕೆಲಸ ಮುಗಿಯುವುದಿಲ್ಲ. ಚಳಿ ಬಿಸಿಲುಗಳನ್ನು ತಡೆಯಲು ಒಂದು ತುಂಡು ಬಟ್ಟೆ ಸಾಕು. ಅದರ ಅಂಚಿಗೊಂದು ಬಣ್ಣದ ಎಳೆ, ಸೆರಗಿಗೊಂದು ತೇರು, ಕೂಸಿನ ಕುಲಾವಿಗೊಂದು ಗೊಂಡೆ ಬೇಕೆಂದು ಕೇಳುವುದು ಮನಸ್ಸು. ಈ ಬಯಕೆಯನ್ನು ಪೂರೈಸಿಕೊಳ್ಳಲು ಎರಡು ದಾರಿಗಳಿವೆ. ಕೊಳ್ಳುವುದು ಒಂದು, ಕೈಯಾರೆ ಮಾಡುವುದು ಇನ್ನೊಂದು. ಮೊದಲನೆಯ ದಾರಿ ಇಂದು ಬಹಳ ಸುಲಭವಾಗಿದೆ. ಎರಡನೆಯ ದಾರಿಯಲ್ಲಿ ದೊರೆಯುವ ಸಂತೋಷ ಯಾವ ಬಗೆಯದು, ಅದರ ನಿಜವಾದ ಬೆಲೆ ಎಷ್ಟು ಎಂಬುದನ್ನು ಕ್ರೋಷಾ ಎಂಬ ಒಂದು ಸಣ್ಣ ಕಲೆಯನ್ನು ಮುಂದಿಟ್ಟುಕೊಂಡು ಇಲ್ಲಿ ವಿಚಾರಿಸೋಣ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಗೆ ನೂಲು ಹೊಸದಲ್ಲ. ಈ ಸೀಮೆಯ ಎರೆಹೊಲಗಳು ಜೋಳ ಹತ್ತಿಗಳಿಗೆ ಹೆಸರಾದವು. ಬೈಲಹೊಂಗಲದ ಪೇಟೆ ಹತ್ತಿಯ ವ್ಯಾಪಾರದಿಂದ ಬೆಳೆಯಿತು. ರಾಮದುರ್ಗದಲ್ಲಿ ಕೈಮಗ್ಗದ ನೇಕಾರಿಕೆ ತಲೆಮಾರುಗಳಿಂದ ನಡೆದುಬಂದಿದೆ. ಬನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡದ ಕಡೆಗೆ ಹೊರಟ ಚಕ್ಕಡಿಗಳನ್ನು ನೋಡಿದವರಿಗೆ ಗೊತ್ತು, ಇಲ್ಲಿಯ ರೈತ ತಾನು ಹೊಸ ಅಂಗಿ ತೊಡುವ ಮೊದಲು ಎತ್ತಿನ ಬೆನ್ನಿಗೆ ಜೂಲು ಹೊದಿಸುತ್ತಾನೆ, ಕೊಂಬಿಗೆ ಬಣ್ಣದ ಗೊಂಡೆ ಕಟ್ಟುತ್ತಾನೆ. ಕಿತ್ತೂರಿನಿಂದ ಧಾರವಾಡದವರೆಗಿನ ಊರುಗಳಲ್ಲಿ ಹೆಣ್ಣುಮಕ್ಕಳು ಇಳಕಲ್ಲ ಸೀರೆಯ ಸೆರಗಿನ ಮೇಲೆ ಕಸೂತಿ ತೆಗೆದರು. ಬಟ್ಟೆಯ ಮೇಲೆ ಗೆರೆಯನ್ನೂ ಎಳೆಯದೆ, ಹಾಸು ಹೊಕ್ಕುಗಳ ಎಳೆಗಳನ್ನು ಎಣಿಸುತ್ತ, ಗಾವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಅವರು ಗೋಪುರವನ್ನೂ ತೇರನ್ನೂ ತುಳಸಿಕಟ್ಟೆಯನ್ನೂ ಮೂಡಿಸಿದರು. ಸವೆದ ಸೀರೆ ಧೋತರಗಳು ಈ ಮನೆಗಳಲ್ಲಿ ಕಸವಾಗಲಿಲ್ಲ. ಒಂದರ ಮೇಲೊಂದು ಹಾಸಿ ದೊಡ್ಡ ಹೊಲಿಗೆ ಹಾಕಿದಾಗ ಅವೇ ಕೌದಿಯಾಗಿ ಮಕ್ಕಳ ಚಳಿಯನ್ನು ಕಳೆದವು.

ಇಂಥ ಮನೆಗಳಿಗೆ ಕ್ರೋಷಾ ಬಂದು ಸೇರಿತು. ಬಾಗಿಲಿನ ತೋರಣ, ಮೇಜಿನ ಹಾಸು, ಕರವಸ್ತ್ರದ ಅಂಚು, ಕೂಸಿನ ಟೊಪ್ಪಿಗೆ, ಭುಜದ ಚೀಲ ಇವೆಲ್ಲ ಅದರ ಫಲಗಳು. ಬಾಗಿಲಿಗೆ ಮಾವಿನೆಲೆಯ ತೋರಣ ಕಟ್ಟುವವರು ದಾರದಲ್ಲಿಯೂ ಅದನ್ನೇ ಹೆಣೆದುದು ಸಹಜವೇ ಆಗಿತ್ತು. ಹೆಸರು ಪರಭಾಷೆಯದು. ಫ್ರೆಂಚ್ ಭಾಷೆಯಲ್ಲಿ ಕ್ರೋಷಾ ಎಂದರೆ ಸಣ್ಣ ಕೊಕ್ಕೆ. ಕಲೆಯ ಗುಟ್ಟೂ ಆ ಹೆಸರಿನಲ್ಲಿಯೇ ಇದೆ. ಗೇಣಿಗಿಂತ ಗಿಡ್ಡದಾದ ಒಂದು ಸೂಜಿ. ಅದರ ತುದಿಯಲ್ಲಿ ಒಂದು ಕೊಕ್ಕೆ. ಜೊತೆಗೆ ಒಂದು ಉಂಡೆ ದಾರ. ಇಷ್ಟೇ ಇದರ ಸಲಕರಣೆ. ಮಗ್ಗಕ್ಕೆ ಬೇಕಾಗುವ ಕುಣಿ ಬೇಡ, ಹೊಲಿಗೆಯಂತ್ರಕ್ಕೆ ಬೇಕಾಗುವ ಬಂಡವಾಳ ಬೇಡ.

ನೂಲಿನಿಂದ ಬಟ್ಟೆ ಮಾಡುವ ದಾರಿಗಳು ಹಲವು. ನೇಯ್ಗೆಯಲ್ಲಿ ನೂರಾರು ಎಳೆಗಳು ಹಾಸಾಗಿ ನಿಲ್ಲುತ್ತವೆ. ಲಾಳಿ ಅವುಗಳ ನಡುವೆ ಹೊಕ್ಕನ್ನು ಒಯ್ಯುತ್ತದೆ. ಎರಡು ಕಡ್ಡಿಗಳ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೆ ಏಕಕಾಲಕ್ಕೆ ತೆರೆದುಕೊಂಡಿರುತ್ತವೆ. ಕಡ್ಡಿ ಜಾರಿದರೆ ಸಾಲೇ ಕಳಚುತ್ತದೆ. ಕ್ರೋಷಾದಲ್ಲಿ ಯಾವ ಗಳಿಗೆಯಲ್ಲಿ ನೋಡಿದರೂ ಸಾಮಾನ್ಯವಾಗಿ ಒಂದೇ ಕುಣಿಕೆ ತೆರೆದಿರುತ್ತದೆ. ಕೊಕ್ಕೆಯಿಂದ ದಾರವನ್ನು ಹಿಡಿದು ಆ ಕುಣಿಕೆಯೊಳಗಿಂದ ಎಳೆದರೆ ಹಳೆಯದು ಮುಚ್ಚಿ ಹೊಸದು ಹುಟ್ಟುತ್ತದೆ. ಹೀಗೆ ಎಳೆಯುತ್ತ ಹೋದರೆ ಸರಪಳಿಯಾಗುತ್ತದೆ. ಸರಪಳಿಯ ಕೊಂಡಿಗಳಲ್ಲಿ ಕೊಕ್ಕೆಯನ್ನು ತೂರಿಸಿ ಮತ್ತೆ ದಾರ ಎಳೆದರೆ ಅದರ ಮೇಲೆ ಸಾಲುಸಾಲಾಗಿ ಕಂಬಗಳು ಏಳುತ್ತವೆ. ಗಿಡ್ಡ ಕಂಬಗಳನ್ನು ಒತ್ತಾಗಿ ನಿಲ್ಲಿಸಿದರೆ ಬಟ್ಟೆ ಗಟ್ಟಿಯಾಗುತ್ತದೆ. ಉದ್ದ ಕಂಬಗಳ ನಡುವೆ ಸರಪಳಿಯ ಕಮಾನು ಕಟ್ಟಿದರೆ ಜಾಲರಿಯಾಗುತ್ತದೆ. ಸರಪಳಿ, ಕಂಬ, ಕಮಾನು ಈ ಮೂರರ ಜೋಡಣೆಯಿಂದಲೇ ಹೂವು, ಎಲೆ, ನಕ್ಷತ್ರ, ನವಿಲುಗಳೆಲ್ಲ ಮೂಡುತ್ತವೆ.

ಈ ಕಲೆಯಲ್ಲಿ ಲೆಕ್ಕಕ್ಕೆ ದೊಡ್ಡ ಪಾತ್ರವಿದೆ. ಗುಂಡಗಿನ, ಸಪಾಟಾದ ಒಂದು ಹಾಸನ್ನು ಹೆಣೆಯಬೇಕಾಗಿದೆ ಎಂದು ತಿಳಿಯಿರಿ. ಮೊದಲ ಸುತ್ತಿನಲ್ಲಿ ೬ ಗಿಡ್ಡ ಕಂಬಗಳನ್ನು ಹಾಕುತ್ತಾರೆ, ಎರಡನೆಯ ಸುತ್ತಿನಲ್ಲಿ ೧೨, ಮೂರನೆಯದರಲ್ಲಿ ೧೮, ಹೀಗೆ ಸುತ್ತಿಗೆ ಆರರಂತೆ ಹೆಚ್ಚಿಸುತ್ತ ಹೋಗುತ್ತಾರೆ. ಆರೇ ಏಕೆ? ಉತ್ತರ ನಿಮ್ಮ ಗಣಿತದ ಪುಸ್ತಕದಲ್ಲಿದೆ. ವೃತ್ತದ ತ್ರಿಜ್ಯ ಒಂದು ಮಾನದಷ್ಟು ಬೆಳೆದರೆ ಅದರ ಪರಿಧಿ ೨π ಮಾನದಷ್ಟು, ಅಂದರೆ ಸುಮಾರು ೬.೨೮ರಷ್ಟು, ಬೆಳೆಯಬೇಕು. ಗಿಡ್ಡ ಕಂಬದ ಎತ್ತರವೂ ಅಗಲವೂ ಹೆಚ್ಚುಕಡಿಮೆ ಒಂದೇ ಆದುದರಿಂದ ಪ್ರತಿ ಸುತ್ತಿಗೂ ಆರು ಕಂಬಗಳು ಕೂಡಬೇಕಾಗುತ್ತವೆ. ಅಗಲದ ಇಮ್ಮಡಿ ಎತ್ತರವಿರುವ ಉದ್ದ ಕಂಬವಾದರೆ ಆರರ ಬದಲು ಹನ್ನೆರಡು ಬೇಕು. π ಎಂಬ ಅಕ್ಷರವನ್ನು ಕಾಣದ ಅಜ್ಜಿಯರು ಈ ನಿಯಮವನ್ನು ಬೆರಳಿನಿಂದಲೇ ತಿಳಿದಿದ್ದರು. ಮಗ್ಗಿಗೆ ಹೆದರುವ ಹುಡುಗಿ ತೋರಣದ ಕಂಬಗಳನ್ನು ಎಣಿಸುವಾಗ ಆರರ ಮಗ್ಗಿಯನ್ನು ತಪ್ಪದೆ ಹೇಳುವುದನ್ನು ಶಿಕ್ಷಕರಾದವರು ಕಂಡಿರುತ್ತಾರೆ.

ಈ ನಿಯಮವನ್ನು ಬೇಕೆಂದೇ ಮುರಿದರೆ ಏನಾಗುತ್ತದೆಂಬುದೂ ನೋಡತಕ್ಕದ್ದು. ಕೂಸಿನ ತಲೆಯ ಅಗಲಕ್ಕೆ ಬಂದೊಡನೆ ಕಂಬಗಳನ್ನು ಹೆಚ್ಚಿಸುವುದನ್ನು ನಿಲ್ಲಿಸಿದರೆ, ಮುಂದಿನ ಸುತ್ತುಗಳು ಕೆಳಗಿಳಿಯುತ್ತ ಹೋಗಿ ಟೊಪ್ಪಿಗೆಯಾಗುತ್ತದೆ. ಬೇಕಾದುದಕ್ಕಿಂತ ಹೆಚ್ಚು ಕಂಬಗಳನ್ನು ತುಂಬಿದರೆ ಹಾಸು ಸಪಾಟಾಗಿ ಕೂಡದೆ ಚೆಂಡುಹೂವಿನಂತೆ ನಿರಿಗೆ ನಿರಿಗೆಯಾಗಿ ಏಳುತ್ತದೆ. ಈ ನಿರಿಗೆಯಲ್ಲಿ ಒಂದು ದೊಡ್ಡ ಗಣಿತ ಅಡಗಿತ್ತು. ಕೊಟ್ಟ ಸರಳರೇಖೆಗೆ ಅದರ ಹೊರಗಿನ ಒಂದು ಬಿಂದುವಿನ ಮೂಲಕ ಒಂದೇ ಸಮಾಂತರ ರೇಖೆ ಎಳೆಯಬಹುದೆಂದು ಯೂಕ್ಲಿಡನ ರೇಖಾಗಣಿತ ಹೇಳುತ್ತದೆ. ಅಂಥ ರೇಖೆಗಳನ್ನು ಎಷ್ಟಾದರೂ ಎಳೆಯಬಹುದಾದ ಇನ್ನೊಂದು ಬಗೆಯ ಮೇಲ್ಮೈ ಇದೆಯೆಂದು ಹತ್ತೊಂಬತ್ತನೆಯ ಶತಮಾನದ ಗಣಿತಜ್ಞರು ಕಂಡುಕೊಂಡರು. ಅದನ್ನು ಕೈಯಲ್ಲಿ ಹಿಡಿದು ನೋಡುವಂತೆ ಮಾಡುವುದು ಕಷ್ಟವಾಗಿತ್ತು; ಕಾಗದದ ಮಾದರಿಗಳು ಬೇಗ ಹರಿಯುತ್ತಿದ್ದವು. ಲಾಟ್ವಿಯಾ ದೇಶದಲ್ಲಿ ಹುಟ್ಟಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದ ಡೈನಾ ತೈಮಿನಾ ೧೯೯೭ರಲ್ಲಿ ಕೊಕ್ಕೆಸೂಜಿಯನ್ನು ಕೈಗೆತ್ತಿಕೊಂಡರು. ಪ್ರತಿ ಸಾಲಿನಲ್ಲಿಯೂ ಇಂತಿಷ್ಟು ಕಂಬಗಳಿಗೆ ಒಂದರಂತೆ ಹೆಚ್ಚಿಸುತ್ತ ಹೋಗಿ, ಆ ವಿಚಿತ್ರ ಮೇಲ್ಮೈಯನ್ನು ದಾರದಲ್ಲಿ ಹೆಣೆದು ವಿದ್ಯಾರ್ಥಿಗಳ ಕೈಗಿತ್ತರು. ಮನೆಯ ಮೂಲೆಯಲ್ಲಿ ಕುಳಿತಿದ್ದ ಕಲೆ ವಿಶ್ವವಿದ್ಯಾಲಯದ ಪಾಠದ ಕೋಣೆಯನ್ನು ಹೊಕ್ಕ ಬಗೆ ಇದು.

ಇನ್ನು ಈ ಕಲೆ ನೀಡುವ ಸಂತೋಷವನ್ನು ಕುರಿತು ಹೇಳಬೇಕು. ಅದರ ಮೊದಲ ಸುಖವೆಂದರೆ, ಇದರಲ್ಲಿ ತಪ್ಪು ದಂಡವಾಗುವುದಿಲ್ಲ. ಕತ್ತರಿಸಿದ ಬಟ್ಟೆ ಮತ್ತೆ ಕೂಡದು. ಕೆತ್ತಿದ ಕಟ್ಟಿಗೆ ಮತ್ತೆ ತುಂಬದು. ಕ್ರೋಷಾದ ತುಂಡಿನಲ್ಲಿ ತೆರೆದ ಕುಣಿಕೆಯಿಂದ ಕೊಕ್ಕೆಯನ್ನು ತೆಗೆದು ದಾರವನ್ನು ಎಳೆದರೆ, ಹತ್ತು ಸಾಲಿನ ಕೆಲಸ ಒಂದು ನಿಮಿಷದಲ್ಲಿ ಬಿಚ್ಚಿಕೊಂಡು ಮತ್ತೆ ದಾರವೇ ಆಗುತ್ತದೆ. ಸಮಯ ಹೋಯಿತು, ಸಾಮಗ್ರಿ ಉಳಿಯಿತು. ಬಿಚ್ಚುವ ಧೈರ್ಯವಿರುವವನೇ ಇಲ್ಲಿ ಬೇಗ ಕಲಿಯುತ್ತಾನೆ. ಎರಡನೆಯ ಸುಖ, ಕೈಗೂ ಮನಸ್ಸಿಗೂ ಆಗುವ ಹೊಂದಾಣಿಕೆ. ಕಲಿಯುವಾಗ ಕಣ್ಣು ಕೊಕ್ಕೆಯ ಮೇಲೆಯೇ ಇರಬೇಕಾಗುತ್ತದೆ. ಕೈ ಪಳಗಿದ ಮೇಲೆ ಬೆರಳುಗಳು ತಮ್ಮಷ್ಟಕ್ಕೆ ನಡೆಯುತ್ತವೆ. ಕಟ್ಟೆಯ ಮೇಲೆ ನಾಲ್ವರು ಕುಳಿತು ಮಾತನಾಡುತ್ತಿದ್ದಂತೆಯೇ ತೋರಣ ಬೆಳೆಯುತ್ತದೆ. ಹೀಗಾಗಿ ಇದು ಒಬ್ಬರಿಂದೊಬ್ಬರಿಗೆ ನೋಡಿ ಕಲಿಯುವ ವಿದ್ಯೆಯೂ ಆಗಿದೆ.

ಮೂರನೆಯದು ಕೊಡುವ ಸುಖ. ಅಂಗಡಿಯ ಟೊಪ್ಪಿಗೆ ಯಾವುದೋ ಒಂದು ತಲೆಗೆ ಆಗುವಂತೆ ಇರುತ್ತದೆ. ಹೆಣೆದ ಟೊಪ್ಪಿಗೆ ಈ ತಲೆಗೇ ಆಗುತ್ತದೆ. ಅಕ್ಕನ ಬಾಣಂತನಕ್ಕೆ ಮೊದಲೇ ತಂಗಿ ಟೊಪ್ಪಿಗೆ ಹೆಣೆಯಲು ಕುಳಿತರೆ, ಪ್ರತಿ ಸುತ್ತಿನಲ್ಲಿಯೂ ಇನ್ನೂ ಹುಟ್ಟದ ಕೂಸಿನ ನೆನಪು ಸೇರಿರುತ್ತದೆ. ಅಲ್ಲಲ್ಲಿ ಒಂದು ಕಂಬ ಸಡಿಲವಾಗಿರಬಹುದು, ಅಂಚು ತುಸು ಓರೆಯಾಗಿರಬಹುದು. ಆ ಓರೆಯಿಂದಲೇ ಅದು ಯಾರ ಕೈಯದೆಂದು ಮನೆಯವರು ಗುರುತಿಸುತ್ತಾರೆ.

ಇದು ಹೆಣ್ಣುಮಕ್ಕಳ ಕೆಲಸ, ತಮಗೇಕೆ ಎಂದು ಗಂಡುಹುಡುಗರು ಕೇಳಬಹುದು. ನಮ್ಮ ಸೀಮೆಯ ರೂಢಿಯೇ ಇದಕ್ಕೆ ಉತ್ತರ ಕೊಡುತ್ತದೆ. ಮಗ್ಗದ ಕುಣಿಯಲ್ಲಿ ಕುಳಿತು ಕಂಬಳಿ ನೇಯ್ದವರು ಗಂಡಸರು. ಹಗ್ಗ ಹೊಸೆದವರು, ಮೂಗುದಾಣ ಹೆಣೆದವರು, ಎತ್ತಿನ ಕೊರಳಿಗೆ ಗೊಂಡೆ ಕಟ್ಟಿದವರು ರೈತರು. ಹೊಳೆಯ ದಂಡೆಯಲ್ಲಿ ಬಲೆ ಹೆಣೆಯುವ ಬೆಸ್ತನ ಬೆರಳಿಗೂ ಕ್ರೋಷಾ ಹಿಡಿದ ಬೆರಳಿಗೂ ದೂರ ಬಹಳವಿಲ್ಲ. ನೂಲಿಗೆ ಹೆಣ್ಣು ಗಂಡಿನ ಭೇದ ತಿಳಿಯದು.

ಇಷ್ಟರಮಟ್ಟಿಗೆ ಸಂತೋಷದ ಮಾತಾಯಿತು. ಇದೇ ಕೊಕ್ಕೆ ಹೊಟ್ಟೆಪಾಡಿನ ಸಾಧನವೂ ಆಗಿದೆಯೆಂಬುದನ್ನು ಮರೆಯುವಂತಿಲ್ಲ. ೧೮೪೫ರಲ್ಲಿ ಐರ್ಲೆಂಡ್ ದೇಶದ ಬಟಾಟೆ ಬೆಳೆಗೆ ರೋಗ ತಗುಲಿತು. ಬಡವರಿಗೆ ಅದೇ ಮುಖ್ಯ ಆಹಾರವಾಗಿದ್ದುದರಿಂದ ಮುಂದಿನ ಕೆಲವು ವರ್ಷಗಳ ಬರದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಜನ ದೇಶ ಬಿಟ್ಟರು. ಆ ಕಾಲದಲ್ಲಿ ಕ್ರೈಸ್ತ ಸಂನ್ಯಾಸಿನಿಯರು ಮತ್ತಿತರರು ಊರ ಹೆಂಗಸರಿಗೆ ಕ್ರೋಷಾ ಕಲಿಸಿದರು. ಗುಲಾಬಿ, ಎಲೆ, ಬಳ್ಳಿಗಳನ್ನು ಬಿಡಿಬಿಡಿಯಾಗಿ ಹೆಣೆದು ಜಾಲರಿಯಿಂದ ಜೋಡಿಸಿದ ಅವರ ಲೇಸು ಯುರೋಪಿನ ಶ್ರೀಮಂತರ ಉಡುಪಿಗೆ ಅಂಚಾಯಿತು. ಎಷ್ಟೋ ಕುಟುಂಬಗಳು ಆ ಹಣದಿಂದ ಬದುಕಿಕೊಂಡವು.

ನಮ್ಮ ದೇಶದಲ್ಲಿಯೂ ಇಂಥ ಒಂದು ಊರಿದೆ. ಆಂಧ್ರಪ್ರದೇಶದಲ್ಲಿ ಗೋದಾವರಿಯ ದಂಡೆಯ ಮೇಲಿರುವ ನರಸಾಪುರದ ಸುತ್ತಮುತ್ತ ಕ್ರೋಷಾ ಲೇಸಿನ ಕೆಲಸ ಹತ್ತೊಂಬತ್ತನೆಯ ಶತಮಾನದಲ್ಲಿ ಪಾದ್ರಿಗಳ ಮೂಲಕ ಬೇರೂರಿತು. ಅಲ್ಲಿಯ ಹೆಂಗಸರು ಮನೆಯಲ್ಲಿ ಕುಳಿತು ಹೆಣೆದ ಹಾಸುಗಳು ಹಡಗು ಏರಿ ಪರದೇಶಗಳಿಗೆ ಹೋದವು. ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ ಅವರ ಜೀವನವನ್ನು ಅಭ್ಯಾಸ ಮಾಡಿ ೧೯೮೨ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಅವರು ಕಂಡದ್ದು ಇಷ್ಟು: ಮನೆಗೆಲಸವನ್ನೆಲ್ಲ ಮಾಡಿಯೂ ಆ ಹೆಂಗಸರು ದಿನಕ್ಕೆ ಆರೆಂಟು ಗಂಟೆ ಲೇಸು ಹೆಣೆಯುತ್ತಿದ್ದರು. ಆದರೂ ಅವರನ್ನು ಕೆಲಸಗಾರರೆಂದು ಯಾರೂ ಎಣಿಸುತ್ತಿರಲಿಲ್ಲ. ಬಿಡುವಿನ ವೇಳೆಯಲ್ಲಿ ಏನೋ ಹೆಣೆಯುವ ಗೃಹಿಣಿಯರು ಎಂಬ ಹೆಸರು ಅವರಿಗೆ ಅಂಟಿತ್ತು. ಆ ಒಂದು ಹೆಸರೇ ಅವರ ಕೂಲಿಯನ್ನು ತೀರ ಕೆಳಗಿಟ್ಟಿತ್ತು. ಲಾಭ ವ್ಯಾಪಾರಿಗಳ ಪಾಲಾಗುತ್ತಿತ್ತು. ನರಸಾಪುರದ ಲೇಸಿಗೆ ೨೦೨೪ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಹೆಸರಿಗೆ ದೊರೆತ ಗೌರವ ಬೆರಳಿಗೂ ದೊರೆಯಬೇಕು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕಡ್ಡಿಯ ಹೆಣಿಗೆಗೆ ಇಂಗ್ಲೆಂಡಿನ ವಿಲಿಯಂ ಲೀ ೧೫೮೯ರಷ್ಟು ಹಿಂದೆಯೇ ಯಂತ್ರವನ್ನು ನಿರ್ಮಿಸಿದನು. ನೇಯ್ಗೆಗೆ ಯಂತ್ರಮಗ್ಗ ಬಂದಿತು, ಕಸೂತಿಗೂ ಯಂತ್ರ ಬಂದಿತು. ಕ್ರೋಷಾವನ್ನು ಹೋಲುವ ಜಾಲರಿಯನ್ನು ಯಂತ್ರಗಳು ನೇಯಬಲ್ಲವು. ಆದರೆ ಕೈಯ ಕ್ರೋಷಾವನ್ನು ಇದ್ದಕ್ಕಿದ್ದಂತೆ ಮಾಡುವ ಯಂತ್ರ ಕಾರಖಾನೆಗಳಲ್ಲಿ ಇನ್ನೂ ನೆಲೆಗೊಂಡಿಲ್ಲ. ಒಂದೊಂದು ಕುಣಿಕೆಗೂ ಕೊಕ್ಕೆ ಹೊಸ ದಿಕ್ಕಿನಿಂದ ಹೋಗಬೇಕಾದುದೇ ಇದಕ್ಕೆ ಮುಖ್ಯ ಕಾರಣ. ಆದುದರಿಂದ ಪೇಟೆಯಲ್ಲಿ ನಿಜವಾದ ಕ್ರೋಷಾದ ಅಂಗಿಯನ್ನೋ ಚೀಲವನ್ನೋ ಬಹಳ ಅಗ್ಗಕ್ಕೆ ಕಂಡರೆ, ಅದನ್ನು ಯಾವುದೋ ಊರಿನ ಯಾರೋ ಒಬ್ಬರು ಕೈಯಿಂದಲೇ ಹೆಣೆದಿದ್ದಾರೆ, ಬಹುಮಟ್ಟಿಗೆ ಬಹಳ ಕಡಿಮೆ ಕೂಲಿಗೆ ಹೆಣೆದಿದ್ದಾರೆ ಎಂದು ತಿಳಿಯಬೇಕು.

ಈ ಮಾತನ್ನು ಒಂದು ಲೆಕ್ಕದಿಂದ ಪರೀಕ್ಷಿಸಬಹುದು. ಮೇಲೆ ಹೇಳಿದ ಗುಂಡಗಿನ ಹಾಸನ್ನು ಸಣ್ಣ ದಾರದಿಂದ ೩೦ ಸುತ್ತು ಹೆಣೆದರೆ ಒಂದು ತಂಬಿಗೆಯ ಬಾಯಿ ಮುಚ್ಚುವಷ್ಟು ಆಗುತ್ತದೆ. ಅದರಲ್ಲಿರುವ ಕಂಬಗಳು ಎಷ್ಟು? ಒಂದರಿಂದ ಮೂವತ್ತರವರೆಗಿನ ಸಂಖ್ಯೆಗಳ ಮೊತ್ತ ೪೬೫. ಅದನ್ನು ಆರರಿಂದ ಗುಣಿಸಿದರೆ ೨,೭೯೦. ಪಳಗಿದ ಕೈ ಒಂದು ಕಂಬಕ್ಕೆ ನಾಲ್ಕು ಸೆಕೆಂಡು ತೆಗೆದುಕೊಳ್ಳುವುದೆಂದು ಹಿಡಿದರೂ ಒಟ್ಟು ೧೧,೧೬೦ ಸೆಕೆಂಡು, ಅಂದರೆ ಮೂರು ಗಂಟೆ ಆರು ನಿಮಿಷ. ಅದನ್ನು ಐವತ್ತು ರೂಪಾಯಿಗೆ ಕೊಡುವೆಯಾ ಎಂದು ಒಬ್ಬರು ಚೌಕಾಸಿಗೆ ಇಳಿದರೆ, ಗಂಟೆಗೆ ಹದಿನಾರು ರೂಪಾಯಿ ಕೊಡುತ್ತೇನೆ ಎಂದು ಹೇಳಿದಂತಾಯಿತು. ದಾರದ ಬೆಲೆಯನ್ನು ಇದರಲ್ಲಿ ಇನ್ನೂ ಕಳೆದಿಲ್ಲ. ಒಂದು ತೋರಣಕ್ಕೆ, ಒಂದು ಕೌದಿಗೆ, ಸೆರಗು ತುಂಬಿದ ಕಸೂತಿಗೆ ಎಷ್ಟು ಗಂಟೆಗಳಾಗುತ್ತವೆಂಬುದನ್ನು ನೀವೇ ಮನೆಯಲ್ಲಿ ಕೇಳಿ ಲೆಕ್ಕ ಹಾಕಿ ನೋಡಬಹುದು.

ಹಾಗಾದರೆ ಒಂದೇ ಕೊಕ್ಕೆ ಒಬ್ಬರಿಗೆ ಸುಖವೂ ಇನ್ನೊಬ್ಬರಿಗೆ ಹೊರೆಯೂ ಆಗುವುದೇಕೆ? ವ್ಯತ್ಯಾಸ ಕೆಲಸದಲ್ಲಿಲ್ಲ, ಹೊತ್ತಿನ ಒಡೆತನದಲ್ಲಿದೆ. ತನ್ನ ಹೊತ್ತನ್ನು ತಾನೇ ಆರಿಸಿಕೊಂಡು, ತನಗೆ ಬೇಕಾದವರಿಗಾಗಿ, ಬೇಡವಾದಾಗ ಬಿಚ್ಚುವ ಸ್ವಾತಂತ್ರ್ಯವನ್ನಿಟ್ಟುಕೊಂಡು ಹೆಣೆಯುವವರಿಗೆ ಅದು ಸುಖ. ಇನ್ನೊಬ್ಬರು ಗೊತ್ತುಮಾಡಿದ ಬೆಲೆಗೆ, ಇನ್ನೊಬ್ಬರು ಹೇಳಿದ ಮಾದರಿಯನ್ನು, ರಾತ್ರಿಯ ಮಂದ ಬೆಳಕಿನಲ್ಲಿ ಲೆಕ್ಕ ಒಪ್ಪಿಸಲೆಂದು ಹೆಣೆಯುವವರಿಗೆ ಅದು ದುಡಿಮೆ. ದುಡಿಮೆ ಕೀಳಲ್ಲ. ಅದನ್ನು ಬಿಡುವಿನ ಆಟವೆಂದು ಕರೆದು ಅದರ ಕೂಲಿಯನ್ನು ತಗ್ಗಿಸುವುದು ಅನ್ಯಾಯ. ಸ್ವತಃ ಹತ್ತು ಸಾಲು ಹೆಣೆದು ನೋಡಿದವರಿಗೆ ಈ ಅನ್ಯಾಯ ಬೇಗ ಕಾಣುತ್ತದೆ, ಏಕೆಂದರೆ ಆ ಹತ್ತು ಸಾಲಿಗೆ ಎಷ್ಟು ಹೊತ್ತು ಹಿಡಿಯಿತೆಂಬುದು ಅವರ ಬೆರಳಿಗೆ ಗೊತ್ತಿರುತ್ತದೆ. ಕೈಕೆಲಸವನ್ನು ಎಲ್ಲರೂ ಅಷ್ಟಿಷ್ಟಾದರೂ ಕಲಿಯಬೇಕೆನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ.

ಕಲಿಯುವುದಕ್ಕೆ ಬೇಕಾದುದು ಬಹಳ ಕಡಿಮೆ. ಪೇಟೆಯ ಒಂದು ಕೊಕ್ಕೆಸೂಜಿ, ತುಸು ದಪ್ಪನೆಯ ಒಂದು ಉಂಡೆ ದಾರ, ಕಲಿಸಲು ಮನೆಯಲ್ಲಿಯೋ ಓಣಿಯಲ್ಲಿಯೋ ಇರುವ ಒಬ್ಬ ಹಿರಿಯರು. ಮೊದಲ ದಿನ ಒಂದು ಮೊಳ ಸರಪಳಿಯನ್ನು ಹೆಣೆಯಿರಿ. ಕೊಂಡಿಗಳೆಲ್ಲ ಒಂದೇ ಅಳತೆಯವಾಗಿ ಬರುವವರೆಗೆ ಅದನ್ನು ಬಿಚ್ಚಿ ಮತ್ತೆ ಹೆಣೆಯಿರಿ. ಅನಂತರ ಆರು ಕಂಬಗಳ ಮೊದಲ ಸುತ್ತನ್ನು ಹಾಕಿರಿ. ಹಾಗೆ ಮಾಡಿದ ಮೇಲೆ ಮನೆಯ ಬಾಗಿಲಿನ ತೋರಣವನ್ನು ಹತ್ತಿರ ಹೋಗಿ ನೋಡಿ ಅದರ ಕಂಬಗಳನ್ನು ಎಣಿಸಿರಿ. ಅದನ್ನು ಹೆಣೆದವರು ಮನೆಯಲ್ಲಿದ್ದರೆ ಎಷ್ಟು ದಿನ ಹಿಡಿಯಿತೆಂದು ಕೇಳಿರಿ. ಬಹುಶಃ ಆ ಪ್ರಶ್ನೆಯನ್ನು ಅವರಿಗೆ ಈವರೆಗೆ ಯಾರೂ ಕೇಳಿರಲಾರರು.